ಬಾಯಿಯ ಗಂಟು, ಸೀರೆಯ ಕೊಂಡಿ

ಬಾದಾಮಿಯ ಬಸ್‌ ನಿಲ್ದಾಣದ ಬದಿಯ ಪಾನ್‌ ಅಂಗಡಿ. ತಲೆಗೆ ತಾಗುವಂತೆ ಹೊಳೆವ ಪೊಟ್ಟಣಗಳ ಸರಗಳು ತೂಗುತ್ತವೆ. 2013ರಲ್ಲಿ ಸರ್ಕಾರ ಗುಟ್ಕಾ ನಿಷೇಧಿಸಿದ ಮೇಲೆ ಅಡಿಕೆಯದೊಂದು ಪೊಟ್ಟಣ, ತಂಬಾಕಿನದೊಂದು ಪೊಟ್ಟಣ. ಬೆರೆಸುವ ಕೆಲಸ ಗಿರಾಕಿಯ ಅಂಗೈಗೆ ಬಿದ್ದಿದೆ. ಗುಹೆಗಳ ಕಲ್ಲಿನ ಕೆಂಪು ಒಂದು, ನಿಲ್ದಾಣದ ಮೂಲೆಗೋಡೆಯ ಉಗುಳಿನ ಕೆಂಪು ಇನ್ನೊಂದು.

ಬಾಗಲಕೋಟೆಯ ನವನಗರ ಆಲಮಟ್ಟಿ ಹಿನ್ನೀರಿಗೆ ನೆಲ ಬಿಟ್ಟುಕೊಟ್ಟವರು ಸೆಕ್ಟರುಗಳಲ್ಲಿ ಕಟ್ಟಿಕೊಂಡ ಊರು. ಅಲ್ಲಿನ ಆಸ್ಪತ್ರೆಯ ಕಟ್ಟೆಯ ಮೇಲೆ ಕೂತವರ ಮಡಿಲಲ್ಲಿ ಸ್ಕ್ಯಾನಿಂಗಿನ ದೊಡ್ಡ ಲಕೋಟೆ. "ಬಾಯಿ ಪೂರಾ ತೆರಿಯಾಕ ಬರವಲ್ದರಿ, ಒಳಗ ಗಂಟ ಆಗೇತಿ." ಅಡಿಕೆ-ತಂಬಾಕು ಅಗಿದ ಬಾಯಿಯ ಇಂಥ ಮಾತು ಇಲ್ಲಿ ಯಾರನ್ನೂ ಬೆಚ್ಚಿಬೀಳಿಸುವುದಿಲ್ಲ. ಬೆಚ್ಚಿಬೀಳಿಸಬೇಕಿತ್ತು.

ಹುನಗುಂದದ ಎರೆಹೊಲ ದಾಟಿದರೆ ಇಳಕಲ್ಲು. ಓಣಿಯೊಳಗೆ ಮಗ್ಗದ ಸದ್ದು. ಸೆರಗಿನ ಕೆಂಪು ರೇಷ್ಮೆಯ ಹಾಸನ್ನು ಒಡಲಿನ ಹಾಸಿನೊಂದಿಗೆ ಎಳೆಎಳೆಯಾಗಿ ಕುಣಿಕೆ ಹಾಕಿ ಸೇರಿಸುತ್ತಾರೆ. ಅದೇ ಕೊಂಡಿ. ಎರಡು ಬೇರೆ ಜಾತಿಯ ನೂಲು, ಒಂದೇ ಸೀರೆ.

ಕ್ಯಾನ್ಸರಿನ ಹೊಸ ಚಿಕಿತ್ಸೆಯಾದ ಸಿಎಆರ್-ಟಿಯ ಕೋಶವೂ ಇಂಥ ಕೊಂಡಿಯದೇ. ರೋಗಿಯ ರಕ್ತದಿಂದ ರೋಗನಿರೋಧಕ ಟಿ ಕೋಶ ತೆಗೆದು, ಪಳಗಿಸಿದ ವೈರಸ್ಸಿನ ಮೂಲಕ ಹೊಸ ಜೀನು ಸೇರಿಸುತ್ತಾರೆ. ಆಗ ಕೋಶದ ಮೈಮೇಲೆ ಜೋಡುತುಂಡು ಮೂಡುತ್ತದೆ: ಹೊರಗಿನ ತುದಿ ವೈರಿಯನ್ನು ಗುರುತಿಸುವ ಪ್ರತಿಕಾಯದ್ದು, ಒಳಗಿನ ತುದಿ "ಕೊಲ್ಲು" ಎನ್ನುವ ಟಿ ಕೋಶದ್ದು. ಬೆಳೆಸಿ, ಹೆಚ್ಚಿಸಿ, ಅದೇ ರೋಗಿಗೆ ಮರಳಿ ಏರಿಸುತ್ತಾರೆ. ಮುಂಬಯಿ ಐಐಟಿ ಮತ್ತು ಟಾಟಾ ಸ್ಮಾರಕ ಆಸ್ಪತ್ರೆಯವರ ನೆಕ್ಸ್‌ಕಾರ್19 ಎಂಬ ಇಂಥ ಚಿಕಿತ್ಸೆಗೆ 2023ರ ಅಕ್ಟೋಬರಿನಲ್ಲಿ ಅನುಮತಿ ಸಿಕ್ಕಿತು. ಬೆಂಗಳೂರಿನ ಇಮ್ಯುನೀಲ್‌ ಸಂಸ್ಥೆಯ ಕಾರ್ಟೆಮಿ 2025ರ ಜನವರಿಯಲ್ಲಿ ಬಂತು. ಇಂಥ ಚಿಕಿತ್ಸೆಯ ಬೆಲೆ ಅಮೆರಿಕದಲ್ಲಿ ಕೋಟಿಗಳ ಲೆಕ್ಕ. ಇಲ್ಲಿ ಹತ್ತಾರು ಲಕ್ಷ. ಅಗ್ಗವೆನ್ನಲು ನನಗೆ ನಾಲಿಗೆ ಏಳದು.

ಆದರೆ ಇವೆರಡೂ ರಕ್ತದ ಕ್ಯಾನ್ಸರಿಗೆ. ಅವು ಹುಡುಕುವ ಸಿಡಿ19 ಎಂಬ ಗುರುತು ರಕ್ತದಲ್ಲಿನ ಆರೋಗ್ಯವಂತ ಬಿ ಕೋಶಗಳ ಮೇಲೂ ಇದೆ; ಅವು ಸತ್ತರೂ ಮನುಷ್ಯ ಬದುಕಬಲ್ಲ. ಗಡ್ಡೆಯ ವಿಚಾರ ಹಾಗಲ್ಲ. ಬಾಯಿಯ ಕ್ಯಾನ್ಸರಿನ ಗಂಟು ತೋರಿಸುವ ಗುರುತುಗಳೇ ಚರ್ಮ, ಶ್ವಾಸಕೋಶಗಳಲ್ಲೂ ಅಷ್ಟಿಷ್ಟು ಇರುತ್ತವೆ. 2010ರಲ್ಲಿ ವರದಿಯಾದ ಅಮೆರಿಕದ ಪ್ರಯೋಗವೊಂದರಲ್ಲಿ ಎಚ್‌ಇಆರ್2 ಗುರುತು ಹುಡುಕಹೊರಟ ಕೋಶಗಳು ಶ್ವಾಸಕೋಶದ ಮೇಲೇ ಎರಗಿ ರೋಗಿ ತೀರಿಕೊಂಡರು. ಒಂದೇ ಗಡ್ಡೆಯ ಎಲ್ಲ ಕೋಶಗಳಲ್ಲೂ ಒಂದೇ ಗುರುತು ಇರುವುದಿಲ್ಲ ಎಂಬುದು ಮತ್ತೊಂದು ತೊಡಕು. ಒಳಹೊಕ್ಕ ಟಿ ಕೋಶವೂ ಅಲ್ಲಿನ ರಾಸಾಯನಿಕಗಳಿಗೆ ಸಿಕ್ಕಿ ದಣಿದು ಕೈಚೆಲ್ಲುತ್ತದೆ.

ಲಂಡನ್ನಿನ ಕಿಂಗ್ಸ್‌ ಕಾಲೇಜಿನವರು ತಲೆ-ಕುತ್ತಿಗೆಯ ಕ್ಯಾನ್ಸರಿನಲ್ಲಿ ಕೋಶಗಳನ್ನು ರಕ್ತನಾಳಕ್ಕೆ ಬಿಡದೆ ಗಡ್ಡೆಗೇ ಚುಚ್ಚಿ ನೋಡಿದ್ದಾರೆ. ಎರಡು ಗುರುತು ಒಟ್ಟಿಗೆ ಕಂಡರಷ್ಟೇ ಎಚ್ಚರಗೊಳ್ಳುವ ಕೋಶಗಳನ್ನೂ ವಿಜ್ಞಾನಿಗಳು ಕಟ್ಟುತ್ತಿದ್ದಾರೆ. 2024ರ ಆಗಸ್ಟಿನಲ್ಲಿ ಅಮೆರಿಕ ಒಪ್ಪಿದ ಟೆಸೆಲ್ರಾ ಕೂಡ ಜೀನು ಮಾರ್ಪಡಿಸಿದ ಟಿ ಕೋಶ. ಅದೂ ಸೈನೋವಿಯಲ್‌ ಸಾರ್ಕೋಮಾ ಎಂಬ ಅಪರೂಪದ ಗಡ್ಡೆಗೆ.

ಲಕೋಟೆ ಹಿಡಿದು ಹುಬ್ಬಳ್ಳಿಗೋ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೋ ಹೊರಟವರಿಗೆ ಇವತ್ತು ಸಿಗುವುದು ಶಸ್ತ್ರಕ್ರಿಯೆ, ರೇಡಿಯೇಶನ್‌, ಕೀಮೋ. ಬೇಗ ಹೋದವರಿಗೆ ಅವೇ ಸಾಕಾಗುವುದೂ ಉಂಟು.