ಕೊಬ್ಬರಿ ಎಣ್ಣೆಯೋ, ಕೊಬ್ಬರಿಯೂ ಎಣ್ಣೆಯೂ?

ಹಬ್ಬದ ಹಿಂದಿನ ದಿನ ಎಂದುಕೊಳ್ಳಿ. ಅಮ್ಮ ಹೇಳುತ್ತ ಹೋದದ್ದನ್ನು ಮೂರನೇ ತರಗತಿಯ ಮಗಳು ಚೀಟಿಯಲ್ಲಿ ಬರೆದುಕೊಳ್ಳುತ್ತಾಳೆ: ‘ಕಡಲೆ ಹಿಟ್ಟು ಕೊಬ್ಬರಿ ಎಣ್ಣೆ ಬೆಲ್ಲ’. ಅಮ್ಮನಿಗೆ ಬೇಕಾದದ್ದು ನಾಲ್ಕು ಪದಾರ್ಥ, ಅಂಗಡಿಯವ ಕಟ್ಟಿಕೊಟ್ಟದ್ದು ಮೂರು. ಹೂರಣಕ್ಕೆ ಕೊಬ್ಬರಿ ಇಲ್ಲ, ಕರಿಯಲು ಎಣ್ಣೆ ಇಲ್ಲ. ಬಂದದ್ದು ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆಯ ಬಾಟಲಿ! (ಕರಾವಳಿಯವರಾದರೆ ಅದರಲ್ಲೇ ಕರಿದುಬಿಡುತ್ತಿದ್ದರೆನ್ನಿ.)

ಅಲ್ಪವಿರಾಮ ಕಲಿಸಲು ಇಂಥದೊಂದು ಚೀಟಿ ಸಾಕು. ಆದರೆ ಶಾಲೆಯಲ್ಲಿ ಸಾಮಾನ್ಯವಾಗಿ ಸಿಗುವುದು ‘ಉಸಿರು ನಿಲ್ಲಿಸುವ ಕಡೆ ಅಲ್ಪವಿರಾಮ ಹಾಕಿ’ ಎಂಬ ಸೂತ್ರ. ಪುಟ್ಟ ಮಕ್ಕಳ ಉಸಿರು ಎಲ್ಲೆಂದರಲ್ಲಿ ನಿಲ್ಲುತ್ತದೆ. ‘ನಾನು, ಸಂತೆಗೆ, ಹೋದೆನು’ ಎಂದು ಬರೆದ ಮಗು ಸೂತ್ರವನ್ನು ಪಾಲಿಸಿಯೇ ಕೆಂಪು ಶಾಯಿ ತಿನ್ನುತ್ತದೆ.

ಹಳೆಯ ಶಾಸನ, ಓಲೆಗರಿಗಳಲ್ಲಿ ಪದಗಳ ನಡುವೆ ಜಾಗವನ್ನೂ ಬಿಡುತ್ತಿರಲಿಲ್ಲ. ಅಲ್ಪವಿರಾಮ ಕನ್ನಡದಲ್ಲಿ ರೂಢಿಗೆ ಬಂದದ್ದು 19ನೇ ಶತಮಾನದಲ್ಲಿ, ಅಚ್ಚಿನ ಮೊಳೆಗಳ ಜೊತೆಗೆ. ಅದಿಲ್ಲದೆಯೂ ಕನ್ನಡಕ್ಕೆ ಪಟ್ಟಿ ಕಟ್ಟುವ ಉಪಾಯ ಗೊತ್ತಿತ್ತು. ‘ಹಸುವೂ ಎಮ್ಮೆಯೂ ಮೇಕೆಯೂ ಬಂದವು’ ಎನ್ನುವಾಗ ‘ಊ’ಕಾರವೇ ಒಂದೊಂದನ್ನೂ ಬಿಡಿಸಿ ತೋರಿಸುತ್ತದೆ, ಅಲ್ಲಿ ಗುರುತು ಹಾಕದಿದ್ದರೂ ನಡೆಯುತ್ತದೆ. ‘ಹಸು, ಎಮ್ಮೆ, ಮೇಕೆಗಳಿಗೆ ಹುಲ್ಲು ಹಾಕು’ ಎಂದಾಗ ಮಾತ್ರ ಅದು ಬೇಕೇ ಬೇಕು. ಕೊನೆಯ ಪದಕ್ಕೆ ಅಂಟಿದ ‘ಗಳಿಗೆ’ ಹಿಂದಿನ ಎರಡಕ್ಕೂ ಸೇರಿದ್ದೆಂದು ಓದುಗನಿಗೆ ತಿಳಿಯಬೇಕಲ್ಲ!

ಜೋಡಿ ಪದಗಳದ್ದು ಇನ್ನೊಂದು ತಂಟೆ. ಪಟ್ಟಿಯ ಪಾಠ ಈಗಷ್ಟೇ ಕಲಿತ ಹುಡುಗ ಹುರುಪಿನಿಂದ ‘ಹಣ್ಣು, ಹಂಪಲು, ಹೂವು’ ಎಂದು ಬರೆಯುತ್ತಾನೆ. ಮಾರುಕಟ್ಟೆಯೆಲ್ಲ ಸುತ್ತಿದರೂ ಬರೀ ಹಂಪಲು ಯಾರು ಕೊಟ್ಟಾರು? ಗುರುತು ಹಾಕುವುದರಷ್ಟೇ ಹಾಕದಿರುವುದನ್ನೂ ಇಲ್ಲಿ ಕಲಿಸಬೇಕು.

‘ಮತ್ತು’ ಬಂದರೆ ಅದರ ಹಿಂದೆ ಅಲ್ಪವಿರಾಮ ಬೇಡ ಎಂದರೆ ಮುಗಿಯಿತು. ಮನೆಮಾತಿನ ಪಟ್ಟಿಯಲ್ಲಿ ‘ಮತ್ತು’ ಸುಳಿಯುವುದೇ ಅಪರೂಪ.

ಸೂತ್ರಕ್ಕಿಂತ ಸಾಮಾನು ಮೇಲು. ಮೇಜಿನ ಮೇಲೆ ಬದನೆ, ಬೆಂಡೆ, ಈರುಳ್ಳಿ, ನಿಂಬೆ ಸಾಲಾಗಿ ಇಟ್ಟು, ನಡುವಿನ ಸಂದುಗಳಲ್ಲಿ ಸೀಮೆಸುಣ್ಣದಿಂದ ಅಲ್ಪವಿರಾಮ ಬರೆಯಲು ಹೇಳಿ. ನಾಲ್ಕು ತರಕಾರಿಗೆ ಮೂರೇ ಗುರುತು ಸಾಕೆಂಬುದನ್ನು ಮಕ್ಕಳೇ ಎಣಿಸಿ ಹೇಳುತ್ತಾರೆ. ಆಮೇಲೆ ಗುರುತಿಲ್ಲದ ‘ಕೊಬ್ಬರಿ ಎಣ್ಣೆ’ಯ ಚೀಟಿಯನ್ನು ಪಕ್ಕದ ಬೆಂಚಿನವನ ಕೈಗೆ ಕೊಟ್ಟು, ಅವನೇ ಅಂಗಡಿಯವನಾಗಲಿ. ಅವನು ಏನು ಕಟ್ಟಿಕೊಡುತ್ತಾನೋ ನೋಡಿ, ಬರೆದವಳೇ ಪೆನ್ಸಿಲು ಹುಡುಕುತ್ತಾಳೆ.