ಮಧ್ಯಯುಗದ ಸ್ಕಾಂಡಿನೇವಿಯದಲ್ಲಿ ಯಾರ್ಲ್ ಪದವಿ

ಮಧ್ಯಯುಗದ ನಾರ್ವೆ ಮತ್ತು ಸ್ವೀಡನ್‌ಗಳ ಇತಿಹಾಸವನ್ನು ಅಭ್ಯಸಿಸುವವರಿಗೆ ಪದೇ ಪದೇ ಎದುರಾಗುವ ಬಿರುದು 'ಯಾರ್ಲ್'. ಇಂಗ್ಲಿಷಿನ 'ಅರ್ಲ್' ಇದರ ಜ್ಞಾತಿಶಬ್ದ. ಈ ಸಾಮ್ಯವನ್ನು ನೆಚ್ಚಿ, ರಾಜನಿಂದ ಪದವಿ ಪಡೆದ ಶ್ರೀಮಂತನೇ ಯಾರ್ಲ್ ಎಂದೋ, ಕನ್ನಡದಲ್ಲಿ 'ಸಾಮಂತ' ಎಂದೋ ಹೇಳಿ ಮುಗಿಸುವುದು ಸುಲಭ. ಆದರೆ ಹತ್ತನೆಯ ಶತಮಾನದಿಂದ ಹದಿನಾಲ್ಕನೆಯ ಶತಮಾನದ ಆರಂಭದವರೆಗೆ ಶಬ್ದವು ಹಾಗೆಯೇ ಉಳಿದು, ಅದರ ಹಿಂದಿನ ಅಧಿಕಾರದ ಸ್ವರೂಪ ಮಾತ್ರ ಮಾರ್ಪಟ್ಟಿತು. ಈ ಮಾರ್ಪಾಡನ್ನು ಗುರುತಿಸುವುದೇ ನಮ್ಮ ಉದ್ದೇಶ.

ಮೊದಲಿಗೆ ಟ್ರಂಡ್‌ಹೈಮ್ ಸೀಮೆಯ ಲಾಡೆ ಎಂಬ ಸ್ಥಳದ ಯಾರ್ಲರನ್ನು ನೋಡೋಣ. ಆ ವಂಶದ ಹೋಕನ್ ಸಿಗುರ್ಡ್‌ಸನ್ ಸುಮಾರು ೯೭೦ರ ಬಳಿಕ ಪ್ರಬಲನಾದನು. ಆರಂಭದಲ್ಲಿ ಡೆನ್ಮಾರ್ಕಿನ ದೊರೆ ಹೆರಾಲ್ಡನ ಮೇಲಧಿಕಾರವನ್ನು ಒಪ್ಪಿದ್ದವನು ಅನಂತರ ಅದನ್ನು ತ್ಯಜಿಸಿ, ೯೯೫ರಲ್ಲಿ ಹತನಾಗುವವರೆಗೆ ನಾರ್ವೆಯ ಬಹುಭಾಗವನ್ನು ಆಳಿದನು. ಆದರೂ ಅವನು ರಾಜನೆಂಬ ಬಿರುದನ್ನು ಧರಿಸಲಿಲ್ಲ. ಪಿತ್ರಾರ್ಜಿತ ಭೂಮಿ, ಸ್ವಂತ ಪರಿವಾರ, ತನ್ನ ಸೀಮೆಯ ಜನರ ಬೆಂಬಲ ಇವೇ ಅವನ ಶಕ್ತಿಯ ಮೂಲಗಳು. ಇಂತಹ ಯಾರ್ಲನನ್ನು ರಾಜನು ನಿರ್ಮಿಸಿದ ಅಧಿಕಾರಿಯೆಂದು ಭಾವಿಸಲಾಗದು.

ಹನ್ನೊಂದನೆಯ ಶತಮಾನದಿಂದ ನಾರ್ವೆಯ ಅರಸರು ಸ್ಥಳೀಯ ನಾಯಕರನ್ನು 'ಲೆಂಡ್‌ಮನ್' ಎಂಬ ಪದವಿಯಿಂದ ತಮ್ಮೆಡೆಗೆ ಸೆಳೆದುಕೊಂಡರು. ರಾಜನಿಂದ ಭೂಮಿಯನ್ನು ಪಡೆದವನೆಂಬುದು ಇದರ ಅರ್ಥ. ಪ್ರತಿಯಾಗಿ ಅವನು ರಾಜನಿಗೆ ನಿಷ್ಠನಾಗಿದ್ದು ಸೈನ್ಯದ ನೆರವನ್ನು ಒದಗಿಸಬೇಕಾಗಿತ್ತು. ಇವರೆಲ್ಲರಿಗಿಂತ ಮೇಲೆ, ರಾಜನಿಗೆ ಎರಡನೆಯವನಾಗಿ ಯಾರ್ಲನಿದ್ದನು.

ಈ ಎರಡನೆಯ ಸ್ಥಾನದಲ್ಲಿಯೇ ಅಪಾಯವಿತ್ತು. ೧೨೧೭ರಲ್ಲಿ ಬಾಲಕ ಹೋಕನ್ ಹೋಕನ್‌ಸನ್ ನಾರ್ವೆಯ ಪಟ್ಟಕ್ಕೆ ಬಂದಾಗ, ಅವನ ಪ್ರತಿಸ್ಪರ್ಧಿಯಾಗಿದ್ದ ಸ್ಕೂಲೆ ಬೋರ್ಡ್‌ಸನ್ ಯಾರ್ಲ್ ಆಗಿ ರಾಜ್ಯದ ಮೂರನೆಯ ಒಂದು ಪಾಲಿನ ಅಧಿಕಾರವನ್ನು ಪಡೆದನು. ೧೨೩೭ರಲ್ಲಿ ಅವನಿಗೆ 'ಹೆರ್ಟುಗ್', ಅಂದರೆ ಡ್ಯೂಕ್, ಎಂಬ ನೂತನ ಬಿರುದು ಸಂದಿತು. ಅದೂ ಅವನನ್ನು ತಣಿಸಲಿಲ್ಲ. ೧೨೩೯ರಲ್ಲಿ ತಾನೇ ರಾಜನೆಂದು ಘೋಷಿಸಿಕೊಂಡು, ಮರುವರ್ಷವೇ ಹತನಾದನು. ಸ್ವೀಡನ್ನಿನಲ್ಲಿ ೧೨೪೮ರಿಂದ ಯಾರ್ಲನಾಗಿದ್ದ ಬಿರ್ಗರನಾದರೋ ಬಂಡೇಳಬೇಕಾಗಲಿಲ್ಲ. ೧೨೫೦ರಲ್ಲಿ ಅವನ ಎಳೆಯ ಮಗ ವಾಲ್ಡೆಮಾರನೇ ರಾಜನಾಗಿ ಆಯ್ಕೆಯಾದುದರಿಂದ, ೧೨೬೬ರಲ್ಲಿ ತಾನು ಮೃತನಾಗುವವರೆಗೂ ವಸ್ತುತಃ ರಾಜ್ಯವನ್ನಾಳಿದವನು ಬಿರ್ಗರನೇ. ಅವನ ತರುವಾಯ ಅಲ್ಲಿ ಆ ಪದವಿಯು ಬಳಕೆಯಿಂದ ಮರೆಯಾಯಿತು.

ಮುಂದೆ ರಾಜಶಾಸನಗಳೇ ಕುಲೀನರ ಸ್ಥಾನವನ್ನು ನಿರ್ಣಯಿಸತೊಡಗಿದವು. ಸ್ವೀಡನ್ನಿನಲ್ಲಿ ಸುಮಾರು ೧೨೮೦ರ ಆಲ್ಸ್ನೊ ಶಾಸನವು ಕುದುರೆ, ಕವಚಗಳೊಡನೆ ಸೇವೆ ಸಲ್ಲಿಸುವವರಿಗೆ ತೆರಿಗೆಯ ವಿನಾಯಿತಿಯನ್ನು ನೀಡಿತು. ನಾರ್ವೆಯಲ್ಲಿ ೧೨೭೭ರಲ್ಲಿ ಲೆಂಡ್‌ಮನ್ನರಿಗೆ 'ಬ್ಯಾರನ್' ಎಂಬ ಬಿರುದು ದೊರೆಯಿತು. ೧೩೦೮ರಲ್ಲಿ ಐದನೆಯ ಹೋಕನ್ ದೊರೆಯು, ಯಾರ್ಲ್ ಮತ್ತು ಬ್ಯಾರನ್ ಬಿರುದುಗಳನ್ನು ಇನ್ನು ಮುಂದೆ ಯಾರಿಗೂ ನೀಡಕೂಡದೆಂದು ವಿಧಿಸಿದನು. ರಾಜಪುತ್ರರಿಗೂ ಆರ್ಕ್ನಿ ದ್ವೀಪಗಳ ಯಾರ್ಲನಿಗೂ ಮಾತ್ರ ಇದರಿಂದ ವಿನಾಯಿತಿಯಿತ್ತು.

ಇದರಿಂದ ಕುಲೀನವರ್ಗವೇ ನಶಿಸಿತೆಂದು ತಿಳಿಯಬಾರದು. ರಾಜನ ಸಲಹಾಸಭೆಯಲ್ಲಿ ಅದರ ಪ್ರಭಾವ ಮುಂದುವರಿಯಿತು. ಇಲ್ಲವಾದುದು ರಾಜನಿಗೆ ಸರಿದೊರೆಯಾಗಿ ನಿಲ್ಲಬಲ್ಲ ಒಂದು ಸ್ಥಾನ. ಆದುದರಿಂದ ಆಕರಗಳಲ್ಲಿ ಯಾರ್ಲನೊಬ್ಬನ ಹೆಸರು ಬಂದಾಗ, ಅವನ ಕಾಲ ಯಾವುದು, ಆ ಬಿರುದು ವಂಶದಿಂದ ಬಂದುದೋ ರಾಜನಿಂದ ದೊರೆತುದೋ ಎಂಬುದನ್ನು ವಿದ್ಯಾರ್ಥಿಗಳು ಮೊದಲು ವಿಚಾರಿಸಬೇಕು. ಹೋಕನ್ ಸಿಗುರ್ಡ್‌ಸನ್ನನಿಗೂ ಸ್ಕೂಲೆಗೂ 'ಸಾಮಂತ' ಎಂಬ ಒಂದೇ ಶಬ್ದವನ್ನು ಬಳಸಿದರೆ, ಅವರಿಬ್ಬರ ನಡುವೆ ರಾಜತ್ವವು ಬೆಳೆದ ಬಗೆಯೇ ನಮಗೆ ಕಾಣದೆ ಹೋಗುತ್ತದೆ.