ಬೇಟೆಯ ಕೋವಿಯಿಂದ ಸಫಾರಿಯ ಜೀಪಿಗೆ: ಕಬಿನಿಯ ‘ಪಾಪಾ’ ವೇಕ್‌ಫೀಲ್ಡ್

ಬೇಸಿಗೆಯ ಸಂಜೆ ಕಬಿನಿ ಹಿನ್ನೀರಿನ ದಡದಲ್ಲಿ ಆನೆಗಳ ಹಿಂಡು ಮೇಯುವುದನ್ನು ನೋಡಲು ದೇಶ ವಿದೇಶಗಳಿಂದ ಜನ ಬರುತ್ತಾರೆ. ಬಂದವರನ್ನು ಜೀಪಿನಲ್ಲಿ ಕರೆದೊಯ್ದು, ಪ್ರಾಣಿಗಳಿಗೆ ತೊಂದರೆಯಾಗದಂತೆ ತೋರಿಸಿ, ಹಿಂದಕ್ಕೆ ಕರೆತರುವುದು ಇಂದು ಒಂದು ವೃತ್ತಿಯೇ ಆಗಿದೆ. ಕರ್ನಾಟಕದಲ್ಲಿ ಈ ವೃತ್ತಿ ಬೇರೂರಲು ಕಾರಣರಾದವರಲ್ಲಿ ಪ್ರಮುಖರು ಕರ್ನಲ್ ಜಾನ್ ಫೆಲಿಕ್ಸ್ ವೇಕ್‌ಫೀಲ್ಡ್. ಆಪ್ತರಿಗೂ ಅತಿಥಿಗಳಿಗೂ ಅವರು ‘ಪಾಪಾ’.

ವೇಕ್‌ಫೀಲ್ಡ್ ಜನಿಸಿದ್ದು 1916ರಲ್ಲಿ, ಬಿಹಾರದ ಗಯಾದಲ್ಲಿ. ಆಂಗ್ಲ ಕುಟುಂಬದ ಈ ಹುಡುಗ ಹತ್ತರ ಆಸುಪಾಸಿನ ವಯಸ್ಸಿನಲ್ಲೇ ತನ್ನ ಮೊದಲ ಹುಲಿಯನ್ನು ಹೊಡೆದುರುಳಿಸಿದ. ಇಂದು ಅಪರಾಧವೆನಿಸುವ ಈ ಕೃತ್ಯ ಅಂದು ಪೌರುಷದ ಲಕ್ಷಣವಾಗಿತ್ತು. ರಾಜಮಹಾರಾಜರೂ ಬ್ರಿಟಿಷ್ ಅಧಿಕಾರಿಗಳೂ ಹುಲಿಯ ಮೇಲೆ ಕಾಲಿಟ್ಟು ಛಾಯಾಚಿತ್ರ ತೆಗೆಸಿಕೊಳ್ಳುತ್ತಿದ್ದ ಕಾಲವದು. ಮುಂದೆ ವೇಕ್‌ಫೀಲ್ಡ್ ಸೇನೆ ಸೇರಿದರು. ದೇಶ ಸ್ವತಂತ್ರವಾದ ಬಳಿಕ ಅವರ ಓರಗೆಯ ಅನೇಕ ಆಂಗ್ಲರು ಹಡಗು ಹತ್ತಿದರೂ ಅವರ ಬದುಕು ಈ ನೆಲದ ಕಾಡುಗಳೊಂದಿಗೇ ಬೆಸೆದುಕೊಂಡಿತು.

ಸ್ವಾತಂತ್ರ್ಯಾನಂತರವೂ ಹುಲಿಯ ಬೇಟೆ ನಿಲ್ಲಲಿಲ್ಲ. ವಿದೇಶಿ ಶಿಕಾರಿಗಳಿಂದ ಹಣ ಪಡೆದು ಬೇಟೆಯಾಡಿಸುವ ಕಂಪನಿಗಳು ದೇಶದಲ್ಲಿ ನಡೆಯುತ್ತಿದ್ದವು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮತ್ತು ಮರುವರ್ಷ ಆರಂಭವಾದ ಹುಲಿ ಯೋಜನೆಗಳಿಂದ ಆ ವ್ಯವಹಾರಕ್ಕೆ ತೆರೆ ಬಿತ್ತು. ಬಂಡೀಪುರವೂ ಆ ಯೋಜನೆಯ ಮೊದಲ ಒಂಬತ್ತು ಮೀಸಲು ಪ್ರದೇಶಗಳಲ್ಲಿ ಒಂದಾಯಿತು. ಆದರೆ ಕೋವಿ ಕೆಳಗಿಟ್ಟ ಮೇಲೆ ಕಾಡಿನಿಂದ ಆದಾಯ ಬರುವುದೆಂತು ಎಂಬ ಪ್ರಶ್ನೆ ಉಳಿಯಿತು. ಇದಕ್ಕೆ ನೆರೆಯ ನೇಪಾಳದಲ್ಲಿ ಒಂದು ಉತ್ತರ ಸಿದ್ಧವಾಗಿತ್ತು. ಚಿತ್ವನ್ ಕಾಡಿನಲ್ಲಿ 1960ರ ದಶಕದಲ್ಲಿ ಆರಂಭವಾದ ಟೈಗರ್ ಟಾಪ್ಸ್ ಅತಿಥಿಗಳನ್ನು ಆನೆಯ ಮೇಲೆ ಕೂರಿಸಿ ಪ್ರಾಣಿಗಳನ್ನು ತೋರಿಸಿಯೇ ಹೆಸರು ಗಳಿಸಿತ್ತು. ವೇಕ್‌ಫೀಲ್ಡ್ ಈ ಸಂಸ್ಥೆಯ ಬಳಗದಲ್ಲಿದ್ದರು.

ಆರ್. ಗುಂಡೂರಾವ್ ಮುಖ್ಯಮಂತ್ರಿಯಾಗಿದ್ದ ಅವಧಿಯಲ್ಲಿ, 1980ರಲ್ಲಿ, ರಾಜ್ಯ ಸರ್ಕಾರ ಮತ್ತು ಟೈಗರ್ ಟಾಪ್ಸ್ ಸಹಭಾಗಿತ್ವದಲ್ಲಿ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್ ಸ್ಥಾಪನೆಯಾಯಿತು. ಅದರ ಮೊದಲ ತಾಣಕ್ಕೆ ಎಚ್.ಡಿ. ಕೋಟೆ ತಾಲ್ಲೂಕಿನ ಕಾರಾಪುರ ಆಯ್ಕೆಯಾಯಿತು. ಮೈಸೂರು ಮಹಾರಾಜರ ಬೇಟೆಯ ಬಂಗಲೆಯೇ ಅತಿಥಿಗೃಹವಾಯಿತು. 1987ರಲ್ಲಿ ಟೈಗರ್ ಟಾಪ್ಸ್ ಹೊರನಡೆದು ಸಂಸ್ಥೆ ಪೂರ್ಣವಾಗಿ ಸರ್ಕಾರದ್ದಾದರೂ ವೇಕ್‌ಫೀಲ್ಡ್ ಕಬಿನಿಯನ್ನು ಬಿಡಲಿಲ್ಲ.

ಕಾರಾಪುರದ ಆಯ್ಕೆಯಲ್ಲಿ ಅರ್ಥವಿತ್ತು. ಸಮೀಪದ ಕಾಕನಕೋಟೆಯ ಕಾಡು ಖೆಡ್ಡಾಗಳಿಗೆ ಪ್ರಸಿದ್ಧ. ತಮಟೆ, ಪಂಜುಗಳೊಂದಿಗೆ ಕಾಡಾನೆಗಳನ್ನು ಅಟ್ಟಿ, ಕಬಿನಿ ನದಿಯನ್ನು ದಾಟಿಸಿ, ಮರದ ದಿಮ್ಮಿಗಳ ಆವರಣದೊಳಗೆ ಕೂಡುವ ಈ ಕಾರ್ಯಾಚರಣೆ ಕೊನೆಯ ಬಾರಿಗೆ ನಡೆದದ್ದು 1971ರಲ್ಲಿ. 1974ರಲ್ಲಿ ಬೀಚನಹಳ್ಳಿಯ ಬಳಿ ಕಬಿನಿ ಅಣೆಕಟ್ಟು ಪೂರ್ಣಗೊಂಡು ನದಿಯ ಇಕ್ಕೆಲಗಳು ಮುಳುಗಿದವು. ಆದರೆ ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ತೆರೆದುಕೊಳ್ಳುವ ಕೆಸರು ನೆಲದಲ್ಲಿ ಎಳೆಹುಲ್ಲು ಚಿಗುರುತ್ತದೆ. ಅದೇ ಸಮಯಕ್ಕೆ ಕಾಡಿನೊಳಗಿನ ಕೆರೆಗಳು ಬತ್ತುತ್ತವೆ. ನೀರನ್ನೂ ಮೇವನ್ನೂ ಅರಸಿ ನಾಗರಹೊಳೆ, ಬಂಡೀಪುರ, ವಯನಾಡಿನ ಆನೆಗಳು ಇಲ್ಲಿ ಸೇರುತ್ತವೆ. ಆನೆಗಳನ್ನು ಸೆರೆಹಿಡಿಯುತ್ತಿದ್ದ ಸೀಮೆಯೇ ಆನೆಗಳನ್ನು ಕಣ್ತುಂಬ ನೋಡುವ ಸೀಮೆಯಾಯಿತು.

ಸಫಾರಿ ನಡೆಸುವವರಿಗೆ ಬೇಕಾದುದು ಬೇಟೆಗಾರನಿಗೆ ಬೇಕಿದ್ದ ವಿದ್ಯೆಯೇ. ದಾರಿಯ ಧೂಳಿನ ಹೆಜ್ಜೆ ಹೊಸತೋ ಹಳತೋ ತಿಳಿಯಬೇಕು. ಜಿಂಕೆ ಕೂಗಿದರೆ ಅದು ಗಾಬರಿಯಷ್ಟೇ ಆಗಿರಬಹುದು. ಕಡವೆ ಪದೇ ಪದೇ ಕೂಗಿದರೆ, ಮರದ ತುದಿಯಿಂದ ಮುಸುವ ಎಚ್ಚರಿಸಿದರೆ, ಹುಲಿಯೋ ಚಿರತೆಯೋ ಹತ್ತಿರದಲ್ಲಿರುವ ಸಾಧ್ಯತೆ ಹೆಚ್ಚು. ಆನೆ ಕಿವಿಯರಳಿಸಿ ನಿಂತಾಗ ವಾಹನ ಹಿಂದೆ ಸರಿಯಬೇಕು. ಇವನ್ನು ಬಲ್ಲ ಚಾಲಕರೂ ಪ್ರಕೃತಿತಜ್ಞರೂ ಸಫಾರಿಯ ಜೀವಾಳ. ಕೊಂದ ಹುಲಿಯಿಂದ ಒಮ್ಮೆ ಮಾತ್ರ ಹಣ. ಬದುಕಿರುವ ಹುಲಿಯಿಂದ ವರ್ಷಗಟ್ಟಲೆ ಹಲವರಿಗೆ ಅನ್ನ. ಈ ಸರಳ ಲೆಕ್ಕವೇ ದಾಂಡೇಲಿ, ದುಬಾರೆ, ಬಿಳಿಗಿರಿರಂಗನ ಬೆಟ್ಟಗಳಿಗೂ ವಿಸ್ತರಿಸಿತು.

ವೇಕ್‌ಫೀಲ್ಡ್ ಕೊನೆಯವರೆಗೂ ಕಾರಾಪುರದಲ್ಲೇ ನೆಲೆಸಿದ್ದರು. 2010ರ ಏಪ್ರಿಲ್‌ನಲ್ಲಿ, 94ನೆಯ ವಯಸ್ಸಿನಲ್ಲಿ, ಕಬಿನಿಯ ಮಡಿಲಲ್ಲೇ ನಿಧನರಾದರು.

ಅವರ ನಂತರ ಆ ಲೆಕ್ಕ ಅಷ್ಟು ಸರಳವಾಗಿ ಉಳಿದಿಲ್ಲ. 2012ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹುಲಿ ಮೀಸಲು ಪ್ರದೇಶಗಳ ತಿರುಳು ಭಾಗದಲ್ಲಿ ಪ್ರವಾಸೋದ್ಯಮವನ್ನು ತಾತ್ಕಾಲಿಕವಾಗಿ ನಿಷೇಧಿಸಿತು. ಮಾರ್ಗಸೂಚಿಗಳು ಹೊರಬಿದ್ದ ಬಳಿಕ ಅಕ್ಟೋಬರ್‌ನಲ್ಲಿ ನಿಷೇಧ ತೆರವಾಯಿತು. 2025ರ ನವೆಂಬರ್‌ನಲ್ಲಿ ಕಾಡಂಚಿನ ರೈತರು ಹುಲಿದಾಳಿಗೆ ಬಲಿಯಾದಾಗ, ಬಂಡೀಪುರ ಮತ್ತು ನಾಗರಹೊಳೆಗಳಲ್ಲಿ ಸಫಾರಿ ನಿಲ್ಲಿಸುವಂತೆ ರಾಜ್ಯ ಸರ್ಕಾರವೇ ಆದೇಶಿಸಿತು. ಸಫಾರಿಯ ಸದ್ದುಗದ್ದಲದಿಂದಲೇ ಪ್ರಾಣಿಗಳು ಹೊರಬರುತ್ತಿವೆ ಎಂಬುದು ಗ್ರಾಮಸ್ಥರ ಆರೋಪ. ಸಫಾರಿ ನಿಂತರೆ ಅದನ್ನೇ ನಂಬಿದ ಚಾಲಕರು, ಅಡುಗೆಯವರ ಬದುಕಿನ ಗತಿಯೇನು ಎಂಬುದು ಇನ್ನೊಂದು ಕಡೆಯ ಅಳಲು.

ಎರಡೂ ಮಾತುಗಳು ಕೇಳಿಬರುವುದು ಅದೇ ಕಾಡಂಚಿನ ಊರುಗಳಿಂದ. ಕೋವಿ ಹಿಡಿದಿದ್ದ ಕೈಗಳಿಗೆ ದುರ್ಬೀನು ಕೊಟ್ಟರೆ ಕಾಡು ಉಳಿದೀತೆಂಬುದನ್ನು ವೇಕ್‌ಫೀಲ್ಡರ ಪೀಳಿಗೆ ತೋರಿಸಿಕೊಟ್ಟಿತು. ದುರ್ಬೀನಿನ ಆದಾಯದಲ್ಲಿ ಕಾಡಿನ ಅಂಚಿನಲ್ಲಿ ದನ ಮೇಯಿಸುವವನ ಪಾಲೆಷ್ಟು, ಅವನ ಜೀವಕ್ಕೆ ರಕ್ಷಣೆಯೆಷ್ಟು ಎಂಬುದನ್ನು ನಿರ್ಧರಿಸಬೇಕಾದದ್ದು ಈಗಿನ ಪೀಳಿಗೆ. ಮುಂದಿನ ಬೇಸಿಗೆಗಳಲ್ಲಿ ಹಿನ್ನೀರಿನ ಆನೆಗಳನ್ನು ನೋಡುವ ಭಾಗ್ಯ ಉಳಿಯುವುದು ಆ ಉತ್ತರವನ್ನು ಅವಲಂಬಿಸಿದೆ.